ಒಂದೇ ಫೈಲು, ಇಬ್ಬರು ಗುಮಾಸ್ತರು: ಶಿರಸಿಯ ಸಹಕಾರಿ ಸಂಘವೊಂದರ ವೆಬ್ ಸರ್ವರ್‌ನಲ್ಲಿ ಗುಂಪು ಮತ್ತು ಅನುಮತಿಗಳ ಮರುಜೋಡಣೆ

ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದು ಪ್ರತಿದಿನ ಟೆಂಡರ್ ಮುಗಿದ ಮೇಲೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಹಾಗೂ ಕಾಳುಮೆಣಸಿನ ಅಂದಿನ ಧಾರಣೆಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಕಳೆದ ಮಳೆಗಾಲದ ಒಂದು ಸೋಮವಾರ ಸಂಜೆ ಐದಾದರೂ ಅಲ್ಲಿ ಶನಿವಾರದ ದರವೇ ನಿಂತಿತ್ತು. ಹುಲೇಕಲ್, ಬನವಾಸಿ, ಸಿದ್ದಾಪುರದ ಕಡೆಯ ಸದಸ್ಯರು ಒಬ್ಬರ ಹಿಂದೊಬ್ಬರು ಫೋನ್ ಮಾಡತೊಡಗಿದ್ದರು. ದಿನವೂ ದರ ಹಾಕುವ ಗುಮಾಸ್ತರು ಊರಿನಲ್ಲಿ ತಿಥಿಯೆಂದು ರಜೆಯಲ್ಲಿದ್ದರು. ಅವರ ಬದಲಿಗೆ ಕುಳಿತ ಎರಡನೆಯ ಗುಮಾಸ್ತರು ತಮ್ಮ ಖಾತೆಯಿಂದ ಒಳಹೊಕ್ಕು, ಸರಿಯಾದ ಫೋಲ್ಡರ್ ತೆರೆದು, ಸರಿಯಾದ ಹೆಸರಿನ ಫೈಲನ್ನೇ ಕಳುಹಿಸುತ್ತಿದ್ದರೂ ಸರ್ವರ್ ‘ಪರ್ಮಿಷನ್ ಡಿನೈಡ್’ ಎಂದು ಪ್ರತಿ ಸಲವೂ ಹಿಂದಕ್ಕೆ ತಳ್ಳುತ್ತಿತ್ತು.

ಆ ಸರ್ವರ್‌ನ ಉಸ್ತುವಾರಿ ನನಗೆ ಬಂದು ಆಗ ಮೂರು ವಾರವಷ್ಟೇ ಆಗಿತ್ತು. ಅದು ಬಾಡಿಗೆಗೆ ಪಡೆದ ಒಂದು ಸಣ್ಣ ವರ್ಚುವಲ್ ಯಂತ್ರ; ಅದರ ಮೇಲೆ ಡೆಬಿಯನ್ ಲಿನಕ್ಸ್, ಅಪಾಚೆ ವೆಬ್ ಸರ್ವರ್, ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ಜಾಲತಾಣ. ಸಿಬ್ಬಂದಿ ತಮ್ಮ ವಿಂಡೋಸ್ ಕಂಪ್ಯೂಟರುಗಳಿಂದ ವಿನ್‌ಎಸ್‌ಸಿಪಿ ಎಂಬ ಪ್ರೋಗ್ರಾಮಿನ ಮೂಲಕ ಎಸ್‌ಎಫ್‌ಟಿಪಿಯಲ್ಲಿ (ಸುರಕ್ಷಿತವಾಗಿ ಫೈಲು ದಾಟಿಸುವ ಕ್ರಮದಲ್ಲಿ) ಫೈಲು ಕಳುಹಿಸುತ್ತಾರೆ. (ಖಾತೆ, ಗುಂಪು, ಆಜ್ಞೆಗಳ ಹೆಸರುಗಳು ಸರ್ವರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇವೆ, ಇಲ್ಲಿ ಅವನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ.)

ಫೋನಿನಲ್ಲಿ ಎರಡನೆಯ ಗುಮಾಸ್ತರಿಗೆ ನಾನು ಹೇಳಿದ್ದು ಇಷ್ಟೇ: ಹಳೆಯ ಫೈಲಿನ ಮೇಲೆ ಬರೆಯಲು ಹೋಗಬೇಡಿ, ಅದನ್ನು ಅಳಿಸಿ, ಆಮೇಲೆ ನಿಮ್ಮದನ್ನು ಹಾಕಿ. ಅವರು ಅಳಿಸಿದರು, ಅದು ಅಳಿಸಿಹೋಯಿತು. ಹೊಸದು ಹಾಕಿದರು, ಅದು ಕುಳಿತಿತು. ಎರಡು ನಿಮಿಷದಲ್ಲಿ ಸೋಮವಾರದ ದರ ಪುಟದಲ್ಲಿ ಕಾಣಿಸಿತು. ‘ತಿದ್ದಲು ಬಿಡದವನು ಅಳಿಸಲು ಹೇಗೆ ಬಿಟ್ಟ?’ ಎಂದು ಅವರು ಕೇಳಿದರು. ಈ ಪ್ರಕರಣವೆಲ್ಲ ಆ ಪ್ರಶ್ನೆಯೊಳಗೇ ಇತ್ತು, ಆದರೆ ಆ ಹೊತ್ತಿಗೆ ನಾನು ‘ನಾಳೆ ಹೇಳುತ್ತೇನೆ’ ಎಂದು ಫೋನ್ ಇಟ್ಟೆ. ಬುಧವಾರ ಮೊದಲ ಗುಮಾಸ್ತರು ರಜೆ ಮುಗಿಸಿ ಬಂದು ಎಂದಿನಂತೆ ದರ ಹಾಕಲು ಕುಳಿತಾಗ ಅವರಿಗೂ ಅದೇ ‘ಪರ್ಮಿಷನ್ ಡಿನೈಡ್’ ಎದುರಾಯಿತು. ಎರಡು ದಿನದ ಹಿಂದಿನ ನನ್ನ ಪರಿಹಾರ ತೊಂದರೆಯನ್ನು ಒಬ್ಬರಿಂದ ಇನ್ನೊಬ್ಬರ ತಲೆಗೆ ದಾಟಿಸಿತ್ತು, ಅಷ್ಟೆ.

ತಿದ್ದುವುದು ಮತ್ತು ಅಳಿಸುವುದು

ಲಿನಕ್ಸ್ ಸೇರಿದಂತೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು ಇರುತ್ತವೆ. ಇವೆರಡಕ್ಕೂ ಸೇರದ ಉಳಿದ ಖಾತೆಗಳೆಲ್ಲ ‘ಇತರರು’. ಓದಲು 4, ಬರೆಯಲು 2, ನಡೆಸಲು 1 ಎಂದು ಲೆಕ್ಕ ಹಿಡಿದು, ಒಡೆಯ, ಗುಂಪು, ಇತರರು ಎಂಬ ಕ್ರಮದಲ್ಲಿ ಮೂರು ಅಂಕೆಗಳನ್ನು ಬರೆಯುತ್ತಾರೆ. ಧಾರಣೆಯ ಫೈಲಿನ ಅನುಮತಿ 644 ಆಗಿತ್ತು. ಒಡೆಯರು ಓದಬಹುದು ಮತ್ತು ಬರೆಯಬಹುದು, ಗುಂಪಿನವರೂ ಇತರರೂ ಓದಬಹುದಷ್ಟೆ. ಸೋಮವಾರದ ತನಕ ಅದರ ಒಡೆಯರು ಮೊದಲ ಗುಮಾಸ್ತರು. ಅಳಿಸಿ ಹೊಸದಾಗಿ ಹಾಕಿದ ಮೇಲೆ ಎರಡನೆಯವರು. ಡೆಬಿಯನ್‌ನಲ್ಲಿ ಖಾತೆ ತೆರೆದಾಗ ಪ್ರತಿಯೊಬ್ಬರಿಗೂ ಅವರದೇ ಹೆಸರಿನ, ಅವರೊಬ್ಬರೇ ಇರುವ ಒಂದು ಗುಂಪು ಹುಟ್ಟಿಕೊಳ್ಳುತ್ತದೆ. ಹೀಗಾಗಿ ಫೈಲಿಗೆ ಗುಂಪು ಎಂಬುದೊಂದು ಇದ್ದರೂ ಅದರೊಳಗೆ ಇನ್ನೊಬ್ಬ ಗುಮಾಸ್ತರು ಇರಲಿಲ್ಲ.

ಅಳಿಸುವುದು ಬೇರೆ ಕೆಲಸ. ಫೈಲನ್ನು ಅಳಿಸುವುದೆಂದರೆ ಫೋಲ್ಡರ್ ಎಂಬ ಪಟ್ಟಿಯಿಂದ ಒಂದು ಹೆಸರನ್ನು ಹೊಡೆದು ಹಾಕುವುದು. ಅದಕ್ಕೆ ಬೇಕಾದದ್ದು ಫೋಲ್ಡರಿನ ಮೇಲೆ ಬರೆಯುವ ಹಕ್ಕು, ಫೈಲಿನ ಮೇಲಿನದಲ್ಲ. ಆ ಫೋಲ್ಡರಿನ ಅನುಮತಿ 777 ಆಗಿತ್ತು. ಅಂದರೆ ಯಂತ್ರದಲ್ಲಿ ಖಾತೆಯುಳ್ಳ ಯಾರು ಬೇಕಾದರೂ, ವೆಬ್ ಸರ್ವರ್ ಓಡುವ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಎಂಬ ಖಾತೆಯೂ ಸೇರಿದಂತೆ, ಅಲ್ಲಿ ಏನನ್ನಾದರೂ ಹುಟ್ಟಿಸಬಹುದಿತ್ತು, ಅಳಿಸಬಹುದಿತ್ತು. ಒಂದು ಸಾಲನ್ನು ತಿದ್ದಲು ಬಿಡದ ವ್ಯವಸ್ಥೆ ಇಡೀ ಪುಸ್ತಕವನ್ನು ಎತ್ತಿ ಎಸೆಯಲು ಬಿಟ್ಟಿತ್ತು.

‘ಫೈಂಡ್’ ಆಜ್ಞೆಗೆ ‘-ಪರ್ಮ್ -0002’ ಎಂದು ಸೇರಿಸಿ ಇತರರು ಬರೆಯಬಲ್ಲ ಜಾಗಗಳನ್ನೆಲ್ಲ ಹುಡುಕಿಸಿದಾಗ ಜಾಲತಾಣದ ಬಹುಪಾಲು ಆ ಪಟ್ಟಿಯಲ್ಲಿತ್ತು. ಹಿಂದೆ ತಾಣವನ್ನು ಕಟ್ಟಿಕೊಟ್ಟವರು ಯಾವುದೋ ಒಂದು ದಿನ ಇಂಥದೇ ತಕರಾರು ಬಂದಾಗ ಇಡೀ ಫೋಲ್ಡರ್ ಮರಕ್ಕೆ, ಒಳಗಿನದೆಲ್ಲದರ ಅನುಮತಿ ಬದಲಿಸುವ ‘ಚ್‌ಮಾಡ್ -ಆರ್ 777’ ಆಜ್ಞೆ ಹೊಡೆದು ಹೋಗಿದ್ದರು. ಅವರನ್ನು ಹಳಿಯುವುದು ಸುಲಭ, ಆದರೆ ಅಂದು ಅವರಿಗೂ ಯಾರೋ ಫೋನಿನ ಆ ತುದಿಯಲ್ಲಿ ಕಾಯುತ್ತಿದ್ದಿರಬೇಕು. ಗಮನಿಸಬೇಕಾದದ್ದು ಬೇರೆ: ಚ್‌ಮಾಡ್ ಆ ಕ್ಷಣ ಅಲ್ಲಿರುವ ಫೈಲುಗಳನ್ನಷ್ಟೇ ಬದಲಿಸುತ್ತದೆ. ನಾಳೆ ಹುಟ್ಟುವ ಫೈಲಿನ ಅನುಮತಿಯನ್ನು ತೀರ್ಮಾನಿಸುವುದು ಯೂಮಾಸ್ಕ್, ಅಂದರೆ ಹೊಸ ಫೈಲಿನಿಂದ ಯಾವ ಹಕ್ಕುಗಳನ್ನು ಕಳೆಯಬೇಕೆಂದು ಹೇಳುವ ಸಂಖ್ಯೆ. ಅದು ರೂಢಿಯಂತೆ 022 ಇದ್ದುದರಿಂದ, ಆ 777ರ ಬಳಿಕ ಹುಟ್ಟಿದ ಪ್ರತಿ ಫೈಲೂ 644 ಆಗಿಯೇ ಹುಟ್ಟಿತು. ಪ್ರಕಟಣೆ ವಿಭಾಗದವರಿಗೆ ಈ ತೊಂದರೆ ಒಮ್ಮೆಯೂ ಕಾಣದೇ ಇದ್ದುದಕ್ಕೆ ಕಾರಣ, ಅವರು ಪ್ರತಿ ಸಲ ದಿನಾಂಕ ಸೇರಿಸಿ ಹೊಸ ಹೆಸರಿನಲ್ಲಿ ಪಿಡಿಎಫ್ ಹಾಕುತ್ತಿದ್ದರು, ಇನ್ನೊಬ್ಬರ ಫೈಲಿನ ಮೇಲೆ ಬರೆಯುವ ಪ್ರಮೇಯವೇ ಬಂದಿರಲಿಲ್ಲ.

ಅದೇ ಹುಡುಕಾಟದಲ್ಲಿ ಇನ್ನೊಂದು ಫೋಲ್ಡರ್ ಸಿಕ್ಕಿತು, ಅದನ್ನು ನೋಡಿದ ಮೇಲೆ ಧಾರಣೆಯ ತಕರಾರು ನನಗೆ ಎರಡನೆಯದಾಯಿತು. ಹೊಸ ಸದಸ್ಯತ್ವಕ್ಕೆ ಅರ್ಜಿ ಹಾಕಿದವರು ಲಗತ್ತಿಸಿದ ಆಧಾರ್ ಮತ್ತು ಪಹಣಿ ಪ್ರತಿಗಳು ವೆಬ್ ಸರ್ವರ್ ಬಡಿಸುವ ಫೋಲ್ಡರಿನ ಒಳಗೇ ಕುಳಿತಿದ್ದವು. ಇಲ್ಲೊಂದು ತಪ್ಪುಕಲ್ಪನೆಯನ್ನು ಬಿಡಿಸಿ ಹೇಳಬೇಕು. ಅನುಮತಿಯಲ್ಲಿ ಬರುವ ‘ಇತರರು’ ಎಂದರೆ ಇಂಟರ್ನೆಟ್ಟಿನ ಜನರಲ್ಲ. ಅದೇ ಯಂತ್ರದ ಬೇರೆ ಖಾತೆಗಳು ಮಾತ್ರ. ಆದರೆ ವೆಬ್ ಸರ್ವರ್ ಕೂಡ ಅಂಥ ಒಂದು ಖಾತೆ. ಅದು ಓದಬಲ್ಲದ್ದು, ಮತ್ತು ಅದು ಬಡಿಸುವ ಫೋಲ್ಡರಿನೊಳಗೆ ಇರುವುದು, ವಿಳಾಸ ಗೊತ್ತಿರುವ ಯಾರಿಗಾದರೂ ಸಿಕ್ಕಿಬಿಡುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿರುವಾಗ ಇದನ್ನು ಒಂದು ದಿನವೂ ಹಾಗೇ ಬಿಡುವಂತಿರಲಿಲ್ಲ. ಅಂದು ರಾತ್ರಿಯೇ ಆ ಫೋಲ್ಡರನ್ನು ಹೊರಗಿನ ಬೇರೊಂದು ಜಾಗಕ್ಕೆ ಸರಿಸಿ, ಹೊಸ ಅರ್ಜಿಯ ಪುಟವನ್ನು ಭಾನುವಾರದ ತನಕ ಮುಚ್ಚಿದೆ.

ಯಾರಿಗೆ ಏನು ಬೇಕು

ಗುರುವಾರ ಸಂಘದ ಕಾರ್ಯದರ್ಶಿಗಳೊಂದಿಗೆ ಕುಳಿತು ಮಾತಾಡಿದೆ. ಎಲ್ಲರಿಗೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್ ಕೊಟ್ಟರೆ ಒಡೆತನದ ಗೋಜೇ ಇರುವುದಿಲ್ಲವಲ್ಲ ಎಂಬುದು ಅವರ ಮೊದಲ ಸಲಹೆ. ಅದು ಕೆಲಸ ಮಾಡುತ್ತದೆ, ನಿಜ. ಆದರೆ ತಪ್ಪು ದರ ಹೋದ ದಿನ ಹಾಕಿದವರು ಯಾರೆಂದು ಲಾಗ್ ಹೇಳುವುದಿಲ್ಲ, ಒಬ್ಬರು ಬಿಟ್ಟುಹೋದಾಗಲೆಲ್ಲ ಎಲ್ಲರ ಪಾಸ್‌ವರ್ಡ್ ಬದಲಿಸಬೇಕು, ಮತ್ತು ನನ್ನ ಅನುಭವದಲ್ಲಿ ಆ ಬದಲಾವಣೆ ಎಂದೂ ಆಗುವುದಿಲ್ಲ. ಖಾತೆ ಒಬ್ಬೊಬ್ಬರಿಗೆ, ಹಕ್ಕು ವಿಭಾಗಕ್ಕೆ ಎಂದೆ. ಒಡೆಯ, ಗುಂಪು, ಇತರರು ಎಂದು ಕಾಗದದ ಮೇಲೆ ಮೂರು ಗೆರೆ ಎಳೆದು ವಿವರಿಸಲು ಹೊರಟಾಗ, ಸ್ವತಃ ತೋಟಿಗರಾದ ಅವರು ನನ್ನನ್ನು ತಡೆದು, ‘ಸೊಪ್ಪಿನ ಬೆಟ್ಟದ ಹಾಗೆ ಅನ್ನಿ, ಬೆಟ್ಟ ಸರ್ಕಾರದ್ದು, ಸೊಪ್ಪು ದರಕು ತರುವ ಹಕ್ಕು ತೋಟದವರದು, ದಾರಿಹೋಕರು ದಾರಿಯಲ್ಲಿ ಹೋಗಬಹುದು’ ಎಂದರು. ನಾನು ಎಳೆದ ಗೆರೆಗಳಿಗಿಂತ ಅದು ಚೆನ್ನಾಗಿತ್ತು. ಒಡೆತನ ಒಂದು ಕಡೆ, ದಿನನಿತ್ಯದ ಹಕ್ಕು ಇನ್ನೊಂದು ಕಡೆ ಇರಬಹುದು ಎಂಬುದನ್ನು ಉತ್ತರ ಕನ್ನಡದ ಘಟ್ಟದ ಮೇಲಿನವರಿಗೆ ಹೊಸದಾಗಿ ಕಲಿಸಬೇಕಾದದ್ದಿಲ್ಲ.

ಆ ಮಾತುಕತೆಯಿಂದ ಮೂರು ಗುಂಪುಗಳು ಹೊರಟವು: ದರ ಹಾಕುವವರಿಗೆ ‘ಧಾರಣೆ’, ನೋಟಿಸು ಮತ್ತು ವಾರ್ಷಿಕ ಸಭೆಯ ಕಾಗದ ಹಾಕುವವರಿಗೆ ‘ಪ್ರಕಟಣೆ’, ಸದಸ್ಯತ್ವದ ಅರ್ಜಿ ನೋಡುವವರಿಗೆ ‘ಸದಸ್ಯ’. ತಾಣದ ಪಿಎಚ್‌ಪಿ ಬರಹ ‘ಜಾಲ’ ಎಂಬ ಬೇರೆಯೇ ಖಾತೆಯ ಒಡೆತನಕ್ಕೆ ಹೋಗಬೇಕು, ಅದನ್ನು ವೆಬ್ ಸರ್ವರ್ ಓದಬೇಕೇ ಹೊರತು ಬರೆಯಬಾರದು. ಕಚೇರಿ ಮುಖ್ಯಸ್ಥರು ಎರಡು ಗುಂಪಿನಲ್ಲಿ ಇರಬೇಕಾಗಿತ್ತು. ಒಬ್ಬರು ಏಕಕಾಲಕ್ಕೆ ಹಲವು ಗುಂಪುಗಳಲ್ಲಿರುವ ಈ ಸೌಲಭ್ಯ 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಿಂದ ಬಂದದ್ದು.

ಭಾನುವಾರದ ಕೆಲಸ

ಮಾರುಕಟ್ಟೆ ರಜೆಯ ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕುಳಿತೆ. ಮೊದಲು ‘ಗೆಟ್‌ಫ್ಯಾಕಲ್ -ಆರ್’ ಕೊಟ್ಟು ಆಗ ಇದ್ದ ಒಡೆತನ, ಗುಂಪು, ಅನುಮತಿಗಳನ್ನೆಲ್ಲ ಒಂದು ಪಠ್ಯ ಫೈಲಿಗೆ ಬರೆಸಿಕೊಂಡೆ. ಏನಾದರೂ ಕೆಟ್ಟರೆ ಅದೇ ಫೈಲನ್ನು ‘ಸೆಟ್‌ಫ್ಯಾಕಲ್ --ರಿಸ್ಟೋರ್’ಗೆ ಕೊಟ್ಟು ಹಿಂದಿನ ಸ್ಥಿತಿಗೆ ಮರಳಬಹುದು. ಫೈಲುಗಳ ಬ್ಯಾಕಪ್ ಇಟ್ಟುಕೊಳ್ಳುವವರು ಅನುಮತಿಗಳ ಬ್ಯಾಕಪ್ಪನ್ನು ಮರೆಯುವುದೇ ಹೆಚ್ಚು, ಆದರೆ ‘-ಆರ್’ ಸೇರಿಸಿದ ಒಂದು ತಪ್ಪು ಆಜ್ಞೆಯ ಬಳಿಕ ಕಳೆದುಹೋಗುವುದು ಅವೇ.

ಬಳಿಕ ‘ಗ್ರೂಪ್‌ಆ್ಯಡ್’ನಿಂದ ಗುಂಪುಗಳನ್ನು ಹುಟ್ಟಿಸಿ, ‘ಯೂಸರ್‌ಮಾಡ್ -ಎಜಿ’ಯಿಂದ ಸಿಬ್ಬಂದಿಯನ್ನು ಸೇರಿಸುತ್ತ ಹೋದೆ. ಧಾರಣೆಯ ಫೋಲ್ಡರಿನ ಗುಂಪನ್ನು ‘ಚ್‌ಗ್ರೂಪ್’ನಿಂದ ‘ಧಾರಣೆ’ ಎಂದು ಬದಲಿಸಿ, ಫೋಲ್ಡರುಗಳಿಗೆ 2775, ಫೈಲುಗಳಿಗೆ 664 ಕೊಟ್ಟೆ. ಇವೆರಡನ್ನೂ ಒಂದೇ ಚ್‌ಮಾಡ್‌ನಲ್ಲಿ ಮಾಡಬಾರದು; ಫೋಲ್ಡರಿಗೆ 1 ಎಂಬ ಅಂಕೆ ಒಳಗೆ ಹಾಯುವ ಹಕ್ಕು, ಅದು ಬೇಕೇ ಬೇಕು, ಸಾಮಾನ್ಯ ಫೈಲಿಗೆ ಅದೇ ಅಂಕೆ ನಡೆಸುವ ಹಕ್ಕಾಗುತ್ತದೆ, ಅದು ಬೇಡ. ಆದ್ದರಿಂದ ‘ಫೈಂಡ್’ನಲ್ಲಿ ‘-ಟೈಪ್ ಡಿ’ ಮತ್ತು ‘-ಟೈಪ್ ಎಫ್’ ಎಂದು ಬೇರ್ಪಡಿಸಿ ಎರಡು ಸಲ ನಡೆಸಬೇಕು.

2775ರ ಮುಂದಿನ 2 ಸೆಟ್‌ಜಿಐಡಿ ಎಂಬ ಬಿಟ್, ಈ ಕೆಲಸದ ಬೆನ್ನೆಲುಬೇ ಅದು. ಅದಿರುವ ಫೋಲ್ಡರಿನಲ್ಲಿ ಯಾರು ಫೈಲು ಹುಟ್ಟಿಸಿದರೂ ಅದರ ಗುಂಪು ಹುಟ್ಟಿಸಿದವರದಾಗದೆ ಫೋಲ್ಡರಿನದೇ ಆಗುತ್ತದೆ. ಒಳಗೆ ಹೊಸ ಫೋಲ್ಡರ್ ಮಾಡಿದರೆ ಅದಕ್ಕೂ ಆ ಬಿಟ್ ತಾನಾಗಿ ಇಳಿಯುತ್ತದೆ. ಬಿಎಸ್‌ಡಿ ಯುನಿಕ್ಸ್ ಎಲ್ಲ ಫೋಲ್ಡರುಗಳಲ್ಲೂ ಹೀಗೇ ನಡೆದುಕೊಳ್ಳುತ್ತಿತ್ತು, ಸಿಸ್ಟಮ್ ಫೈವ್ ಎಂಬ ಇನ್ನೊಂದು ಯುನಿಕ್ಸ್, ಫೈಲು ಹುಟ್ಟಿಸಿದವರ ಗುಂಪನ್ನೇ ಕೊಡುತ್ತಿತ್ತು. ಲಿನಕ್ಸ್‌ನಲ್ಲಿ ಈ ಬಿಟ್ ಮೂಲಕ ಫೋಲ್ಡರಿಗೊಂದರಂತೆ ಆಯ್ದುಕೊಳ್ಳಬಹುದು. ಆದರೆ ಗುಂಪು ಸರಿಯಿದ್ದರೆ ಸಾಲದು, ಗುಂಪಿಗೆ ಬರೆಯುವ ಹಕ್ಕೂ ಇರಬೇಕು. ಅದಕ್ಕಾಗಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಮಾಡಿಸುವ ಸೇವೆ) ಸಂರಚನೆಯಲ್ಲಿ ‘ಇಂಟರ್ನಲ್-ಎಸ್‌ಎಫ್‌ಟಿಪಿ’ ಎಂಬ ಸಾಲಿಗೆ, ಯೂಮಾಸ್ಕ್ ಹೇಳುವ ‘-ಯು 0002’ ಸೇರಿಸಿದೆ. ಇದರಿಂದ ಎಸ್‌ಎಫ್‌ಟಿಪಿಯಲ್ಲಿ ಬರುವ ಹೊಸ ಫೈಲು 644ರ ಬದಲು 664 ಆಗಿ ಹುಟ್ಟುತ್ತದೆ.

ಎಲ್ಲ ವಿಭಾಗದವರೂ ಫೋಟೋ ಸುರಿಯುವ ಒಂದು ಸಾಮಾನ್ಯ ಫೋಲ್ಡರಿಗೆ 3775 ಕೊಟ್ಟೆ. ಸೆಟ್‌ಜಿಐಡಿಯ ಜೊತೆಗೆ ಸ್ಟಿಕಿ ಬಿಟ್ ಸೇರಿದ್ದರಿಂದ ಅಲ್ಲಿ ತಮ್ಮ ಫೋಟೋವನ್ನು ತಾವೇ ಅಳಿಸಬಹುದು, ಇನ್ನೊಬ್ಬರದನ್ನಲ್ಲ. ಅದರೊಳಗೆ ಪಿಎಚ್‌ಪಿ ಓಡದಂತೆ ಅಪಾಚೆಯಲ್ಲಿ ತಡೆ ಹಾಕಿದೆ.

ತಾಣದ ಬರಹವನ್ನು ವೆಬ್ ಸರ್ವರ್ ಬರೆಯದಂತೆ ಮಾಡಿದ್ದಕ್ಕೆ ಒಂದು ಬೆಲೆ ತೆರಬೇಕಾಯಿತು. ಅದುವರೆಗೆ ತಾಣದ ಆಡಳಿತ ಪುಟದಲ್ಲಿ ಒಂದು ಗುಂಡಿ ಒತ್ತಿದರೆ ಹೊಸ ಆವೃತ್ತಿ ತಾನೇ ಕುಳಿತುಕೊಳ್ಳುತ್ತಿತ್ತು, ಈಗ ಕೂರುವುದಿಲ್ಲ. ‘ಜಾಲ’ ಖಾತೆಯಿಂದ ನಾನೇ ಹಾಕಬೇಕು. ತನ್ನ ಬರಹವನ್ನು ತಾನೇ ತಿದ್ದಬಲ್ಲ ತಾಣದಲ್ಲಿ ಒಂದು ತೂತು ಸಿಕ್ಕರೆ ಹೊರಗಿನವರೂ ಅದನ್ನು ತಿದ್ದಬಲ್ಲರು ಎಂಬ ಕಾರಣಕ್ಕೆ ಈ ಅನಾನುಕೂಲವನ್ನು ನಾನು ಒಪ್ಪಿಕೊಂಡೆ. ನವೀಕರಣಕ್ಕೆ ಯಾರೂ ಇಲ್ಲದ ಸಂಸ್ಥೆಯಲ್ಲಿ ನಾನೇ ಬೇರೆ ತೀರ್ಮಾನಕ್ಕೆ ಬರಬಹುದಿತ್ತು, ಹಳೆಯ ಆವೃತ್ತಿ ಕೊಳೆಯುತ್ತ ಕೂರುವುದು ಕೂಡ ಅಷ್ಟೇ ದೊಡ್ಡ ತೂತು.

ಯುಪಿಎಸ್ ಇಲ್ಲದ ಕಂಪ್ಯೂಟರ್

ಸೋಮವಾರ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಎರಡನೆಯ ಗುಮಾಸ್ತರ ಕಂಪ್ಯೂಟರಿನಿಂದ ಫೈಲು ಹೋಗುತ್ತಿದೆ, ಮೊದಲನೆಯವರದರಿಂದ ಹೋಗುತ್ತಿಲ್ಲ. ಇಬ್ಬರೂ ‘ಧಾರಣೆ’ ಗುಂಪಿನಲ್ಲಿದ್ದಾರೆ, ‘ಐಡಿ’ ಆಜ್ಞೆಗೆ ಖಾತೆಯ ಹೆಸರು ಕೊಟ್ಟು ಕೇಳಿದರೆ ಸರ್ವರ್ ಕೂಡ ಹಾಗೆಂದೇ ಹೇಳುತ್ತದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಮೇಲೆ ನಾನು ಕೇಳಿದ ಪ್ರಶ್ನೆ, ‘ಬೆಳಿಗ್ಗೆ ಕರೆಂಟು ಹೋಗಿತ್ತೇ?’ ಹೋಗಿತ್ತು, ಶಿರಸಿಯ ಮಳೆಗಾಲದಲ್ಲಿ ಅದು ಹೋಗದ ಬೆಳಿಗ್ಗೆ ಅಪರೂಪ. ಎರಡನೆಯವರ ಕಂಪ್ಯೂಟರಿಗೆ ಯುಪಿಎಸ್ ಇಲ್ಲ, ಅದು ಆರಿ ಮತ್ತೆ ಹೊತ್ತಿತ್ತು, ಅವರು ಹೊಸದಾಗಿ ಲಾಗಿನ್ ಆಗಿದ್ದರು. ಮೊದಲನೆಯವರ ಕಂಪ್ಯೂಟರ್ ಮತ್ತು ರೌಟರ್ ಎರಡೂ ಯುಪಿಎಸ್ ಮೇಲಿದ್ದು, ಶನಿವಾರ ತೆರೆದ ವಿನ್‌ಎಸ್‌ಸಿಪಿ ಕಿಟಕಿ ಹಾಗೆಯೇ ಜೀವಂತವಾಗಿತ್ತು. ಯಾರು ಯಾವ ಗುಂಪಿನವರು ಎಂಬುದನ್ನು ಲಿನಕ್ಸ್ ಲಾಗಿನ್ ಆಗುವ ಕ್ಷಣದಲ್ಲಿ ನಿಗದಿ ಮಾಡಿ ಆ ಸೆಷನ್ ಮುಗಿಯುವ ತನಕ ಅದನ್ನೇ ಹಿಡಿದಿರುತ್ತದೆ. ಭಾನುವಾರ ಸೇರಿಸಿದ ಗುಂಪು ಶನಿವಾರದ ಸೆಷನ್‌ಗೆ ತಿಳಿಯುವುದೇ ಇಲ್ಲ. ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ ಎಂದೆ, ಸರಿಹೋಯಿತು. ಸರ್ವರ್‌ನಲ್ಲೇ ಓಡುತ್ತಿರುವ ಸೇವೆಗಳಿಗೂ ಇದೇ ನಿಯಮ: ಅವುಗಳ ಖಾತೆಯನ್ನು ಹೊಸ ಗುಂಪಿಗೆ ಸೇರಿಸಿದರೆ ಸೇವೆಯನ್ನು ಮರುಚಾಲೂ ಮಾಡಲೇಬೇಕು.

ಅಂದೇ ಮಧ್ಯಾಹ್ನ ಕಚೇರಿ ಮುಖ್ಯಸ್ಥರಿಗೆ ನೋಟಿಸು ಹಾಕಲಾಗಲಿಲ್ಲ. ಈ ತಪ್ಪು ಪೂರ್ತಿ ನನ್ನದು. ಅವರನ್ನು ‘ಪ್ರಕಟಣೆ’ಗೆ ಸೇರಿಸಿದ ಬಳಿಕ ‘ಸದಸ್ಯ’ಕ್ಕೆ ಸೇರಿಸುವಾಗ ‘-ಎಜಿ’ ಎನ್ನುವಲ್ಲಿ ಬರಿ ‘-ಜಿ’ ಎಂದು ಕೊಟ್ಟಿದ್ದೆ. ಆ ಒಂದು ‘ಎ’ ಇಲ್ಲದಿದ್ದರೆ ಯೂಸರ್‌ಮಾಡ್ ಇರುವ ಗುಂಪುಗಳಿಗೆ ಇನ್ನೊಂದನ್ನು ಸೇರಿಸುವುದಿಲ್ಲ, ಹಿಂದಿನ ಹೆಚ್ಚುವರಿ ಗುಂಪುಗಳಿಂದೆಲ್ಲ ತೆಗೆದು ಹೇಳಿದ್ದರಲ್ಲಷ್ಟೇ ಇಡುತ್ತದೆ, ಅದೂ ಸದ್ದಿಲ್ಲದೆ. ಅಂದಿನಿಂದ ನಾನು ‘ಜಿಪಾಸ್‌ವರ್ಡ್ -ಎ’ಯನ್ನೇ ಬಳಸುತ್ತೇನೆ, ಅದಕ್ಕೆ ಈ ದುರಭ್ಯಾಸವಿಲ್ಲ.

ಮೂರನೆಯ ತಕರಾರು ಸಣ್ಣದೆಂದು ಕಂಡು ನನ್ನ ಅರ್ಧ ದಿನ ತಿಂದಿತು. ಬೆರಳಚ್ಚಿನ ಕೆಲಸ ಮಾಡುವ ಒಬ್ಬರು ಮನೆಯಿಂದ ತಮ್ಮ ಲಿನಕ್ಸ್ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ಎಸ್‌ಎಫ್‌ಟಿಪಿ ಬಳಸುತ್ತಿದ್ದರು. ಅವರು ಹಾಕಿದ ಫೈಲು ಮಾತ್ರ 644 ಆಗಿಯೇ ಬೀಳುತ್ತಿತ್ತು. ಓಪನ್‌ಎಸ್‌ಎಸ್‌ಎಚ್‌ನ ಆ ಪ್ರೋಗ್ರಾಮು ಲ್ಯಾಪ್‌ಟಾಪಿನಲ್ಲಿರುವ ಫೈಲಿನ ಅನುಮತಿಯನ್ನೂ ಜೊತೆಗೆ ಕಳುಹಿಸುತ್ತದೆ, ಮತ್ತು ಯೂಮಾಸ್ಕ್ ಯಾವತ್ತೂ ಕಳೆಯುತ್ತದೆಯೇ ಹೊರತು ಕೂಡುವುದಿಲ್ಲ. ಬಂದದ್ದೇ 644 ಆದರೆ ಅದರಿಂದ 002 ಕಳೆದರೆ ಉಳಿಯುವುದೂ 644. ಫೋಲ್ಡರಿಗೆ ಡಿಫಾಲ್ಟ್ ಎಸಿಎಲ್ (ಒಳಗೆ ಹುಟ್ಟುವ ಫೈಲುಗಳಿಗೆ ಇಳಿಯುವ ಹೆಚ್ಚುವರಿ ಅನುಮತಿಗಳ ಪಟ್ಟಿ) ಕೊಟ್ಟು ಗುಂಪಿಗೆ ಪೂರ್ಣ ಹಕ್ಕು ಬರೆದರೆ ಯೂಮಾಸ್ಕ್ ಲೆಕ್ಕಕ್ಕೇ ಬರುವುದಿಲ್ಲವೆಂದು ಅದನ್ನೂ ಮಾಡಿ ನೋಡಿದೆ. ಗೆಟ್‌ಫ್ಯಾಕಲ್ ಆ ಸಾಲನ್ನು ತೋರಿಸಿತು, ಗುಂಪಿಗೆ ಓದು ಬರಹ ಎಲ್ಲ ಇತ್ತು, ಆದರೆ ಸಾಲಿನ ಕೊನೆಯಲ್ಲಿ ‘ಇಫೆಕ್ಟಿವ್’ ಎಂಬ ಪದದ ಮುಂದೆ ಬರಿ ‘ಆರ್’ ನಿಂತಿತ್ತು. ಕಳುಹಿಸಿದ 644ರ ನಡುವಿನ 4 ಎಸಿಎಲ್‌ನ ಮಾಸ್ಕ್ (ಹಕ್ಕಿನ ಮೇಲ್ಮಿತಿ) ಆಗಿ ಕುಳಿತು, ಕಾಗದದ ಮೇಲೆ ಕೊಟ್ಟ ಹಕ್ಕನ್ನು ವ್ಯವಹಾರದಲ್ಲಿ ಕಿತ್ತುಕೊಂಡಿತ್ತು. ಕೊನೆಗೆ ಎಸಿಎಲ್ ತೆಗೆದುಹಾಕಿ, ಆ ಲ್ಯಾಪ್‌ಟಾಪಿನಲ್ಲೇ ಯೂಮಾಸ್ಕ್ 002 ಮಾಡಿಕೊಟ್ಟೆ. ಅಲ್ಲಿ ಫೈಲು 664 ಆಗಿ ಹುಟ್ಟಿದರೆ ಇಲ್ಲಿಗೂ 664 ಆಗಿ ಬರುತ್ತದೆ.

ಹುಂಡಿ

ಸದಸ್ಯತ್ವದ ಅರ್ಜಿಗಳ ವಿಷಯಕ್ಕೆ ಬರುತ್ತೇನೆ. ಅಲ್ಲಿ ಮೂರು ಬೇಡಿಕೆಗಳು ಒಂದಕ್ಕೊಂದು ಎದುರಾಗಿದ್ದವು: ಅರ್ಜಿಯ ಪುಟ ಫೈಲನ್ನು ಒಳಗೆ ಹಾಕಬೇಕು, ಆದರೆ ಹಳೆಯ ಅರ್ಜಿಗಳ ಪಟ್ಟಿ ಅದಕ್ಕೆ ಕಾಣಬಾರದು, ‘ಸದಸ್ಯ’ ಗುಂಪಿನವರು ಎಲ್ಲವನ್ನೂ ಓದಬೇಕು, ಉಳಿದ ಯಾವ ಖಾತೆಗೂ, ತಾಣದ ಉಳಿದ ಭಾಗಕ್ಕೂ, ಅಲ್ಲಿ ಪ್ರವೇಶವೇ ಇರಬಾರದು. ಅರ್ಜಿಯ ಪುಟಕ್ಕೆ ‘ಅರ್ಜಿ’ ಎಂಬ ಬೇರೆ ಖಾತೆಯಲ್ಲಿ ಓಡುವ ಪಿಎಚ್‌ಪಿ-ಎಫ್‌ಪಿಎಂ ಪೂಲ್, ಅಂದರೆ ಪಿಎಚ್‌ಪಿ ಓಡಿಸುವ ಪ್ರಕ್ರಿಯೆಗಳ ಒಂದು ಪ್ರತ್ಯೇಕ ತಂಡ, ಮಾಡಿದೆ. ಹೊರಗೆ ಸರಿಸಿದ ಫೋಲ್ಡರಿಗೆ ‘ಸದಸ್ಯ’ ಗುಂಪು, 2770 ಅನುಮತಿ. ಅದರ ಮೇಲೆ ಸೆಟ್‌ಫ್ಯಾಕಲ್‌ನಿಂದ ‘ಅರ್ಜಿ’ ಖಾತೆಗೆ ಬರೆಯುವ ಮತ್ತು ಹಾಯುವ ಹಕ್ಕು ಕೊಟ್ಟೆ, ಓದುವುದನ್ನು ಕೊಡಲಿಲ್ಲ. ಫೋಲ್ಡರನ್ನು ಓದುವ ಹಕ್ಕು ಇಲ್ಲದವರು ಒಳಗಿನ ಹೆಸರುಗಳ ಪಟ್ಟಿ ಪಡೆಯಲಾರರು. ದೇವಸ್ಥಾನದ ಹುಂಡಿಯ ಹಾಗೆ ಹಾಕಬಹುದು, ಇಣುಕಿ ಎಣಿಸಲಾಗದು. ಹಾಕಿದ ಫೈಲಿಗೆ ‘ಅರ್ಜಿ’ ಖಾತೆಯೇ ಒಡೆಯ ಆದ್ದರಿಂದ ಹೆಸರು ಗೊತ್ತಿದ್ದರೆ ಅದನ್ನು ಮತ್ತೆ ತೆರೆಯಬಹುದೆಂಬುದು ನಿಜ, ಅದಕ್ಕಾಗಿ ಪ್ರತಿ ಫೈಲಿಗೂ ಊಹಿಸಲಾಗದ ಉದ್ದನೆಯ ಯಾದೃಚ್ಛಿಕ ಹೆಸರು ಬೀಳುವಂತೆ ಬರಹವನ್ನು ತಿದ್ದಿದೆ. ಆ ಪೂಲ್ ಓಡುವ ಸೇವೆಗೆ ಯೂಮಾಸ್ಕ್ 0027 ಕೊಟ್ಟೆ, ಹುಟ್ಟುವ ಫೈಲು 640 ಆಗಬೇಕು, ಇತರರಿಗೆ ಏನೂ ಇರಬಾರದು ಎಂದು.

ಮಂಗಳವಾರ ಮೊದಲ ಅರ್ಜಿ ಬಂತು. ಫೈಲು ಸರಿಯಾದ ಜಾಗದಲ್ಲೇ ಇತ್ತು, 640 ಆಗಿಯೇ ಇತ್ತು, ಆದರೆ ‘ಸದಸ್ಯ’ ಗುಂಪಿನ ಯಾರಿಗೂ ತೆರೆಯಲಿಲ್ಲ. ಎಲ್ಎಸ್ ಕೊಟ್ಟು ನೋಡಿದರೆ ಅದರ ಗುಂಪು ‘ಸದಸ್ಯ’ ಅಲ್ಲ, ‘ಅರ್ಜಿ’. ಸೆಟ್‌ಜಿಐಡಿ ಇರುವ ಫೋಲ್ಡರಿನಲ್ಲಿ ಬೇರೆ ಗುಂಪಿನ ಫೈಲು ಹೇಗೆ?

ಫೈಲು ಅಲ್ಲಿ ಹುಟ್ಟಿರಲೇ ಇಲ್ಲ. ಬ್ರೌಸರಿನಿಂದ ಬಂದ ಫೈಲನ್ನು ಪಿಎಚ್‌ಪಿ ಮೊದಲು ತಾತ್ಕಾಲಿಕ ಫೋಲ್ಡರಿನಲ್ಲಿ ಬರೆಯುತ್ತದೆ, ಆಮೇಲೆ ‘ಮೂವ್ ಅಪ್‌ಲೋಡೆಡ್ ಫೈಲ್’ ಎಂಬ ಫಂಕ್ಷನ್ ಅದನ್ನು ಗುರಿಯ ಫೋಲ್ಡರಿಗೆ ಸರಿಸುತ್ತದೆ. ಎರಡೂ ಒಂದೇ ಫೈಲ್‌ಸಿಸ್ಟಮ್‌ನಲ್ಲಿದ್ದರೆ ಸರಿಸುವುದೆಂದರೆ ಹೆಸರನ್ನು ಬದಲಿಸುವುದು ಮಾತ್ರ, ಹೊಸ ಫೈಲು ಹುಟ್ಟುವುದಿಲ್ಲ. ಸೆಟ್‌ಜಿಐಡಿ ಹುಟ್ಟಿಗೆ ಅನ್ವಯ, ವಲಸೆಗಲ್ಲ. ಮನೆ ಬದಲಿಸಿದವರ ಗೋತ್ರ ಬದಲಾಗದ ಹಾಗೆ ಸರಿಸಿದ ಫೈಲು ತನ್ನ ಹಳೆಯ ಗುಂಪನ್ನೇ ಹೊತ್ತು ಬರುತ್ತದೆ. ಟರ್ಮಿನಲ್‌ನಲ್ಲಿ ‘ಸಿಪಿ’ ಮಾಡಿದರೆ ಹೊಸ ಗುಂಪು, ‘ಎಂವಿ’ ಮಾಡಿದರೆ ಹಳೆಯ ಗುಂಪು ಎಂಬುದೂ ಇದೇ ಕಾರಣಕ್ಕೆ. ಹಂಚಿಕೊಂಡ ಫೋಲ್ಡರುಗಳಲ್ಲಿ ‘ಒಂದು ಫೈಲು ಮಾತ್ರ ಯಾಕೋ ಬರುತ್ತಿಲ್ಲ’ ಎಂಬ ದೂರು ಬಂದಾಗ ಮೊದಲು ಕೇಳಬೇಕಾದದ್ದು ಅದನ್ನು ಬೇರೆ ಕಡೆಯಿಂದ ಸರಿಸಿ ತಂದಿರೇ ಎಂದು.

ಐದು ನಿಮಿಷಕ್ಕೊಮ್ಮೆ ಕ್ರಾನ್ ಎಂಬ ವೇಳಾಪಟ್ಟಿ ಸೇವೆಯಿಂದ ಚ್‌ಗ್ರೂಪ್ ಓಡಿಸಬಹುದಿತ್ತು. ಅಂಥ ಪರಿಹಾರಗಳು ನನಗೆ ಇಷ್ಟವಾಗುವುದಿಲ್ಲ, ಅವು ನಿಂತುಹೋದದ್ದು ಯಾರಿಗೂ ತಿಳಿಯುವುದಿಲ್ಲ. ಬದಲಿಗೆ ಫೈಲು ಹುಟ್ಟುವ ಜಾಗವನ್ನೇ ಸರಿಪಡಿಸಿದೆ. ಅರ್ಜಿಗಳ ಫೋಲ್ಡರಿನ ಪಕ್ಕದಲ್ಲಿ ಇನ್ನೊಂದು ತಾತ್ಕಾಲಿಕ ಫೋಲ್ಡರ್ ಮಾಡಿ, ಅದಕ್ಕೂ ‘ಸದಸ್ಯ’ ಗುಂಪು ಮತ್ತು ಸೆಟ್‌ಜಿಐಡಿ ಕೊಟ್ಟು, ಪಿಎಚ್‌ಪಿಯ ‘ಅಪ್‌ಲೋಡ್ ಟೆಂಪ್ ಡೈರ್’ ಅದನ್ನೇ ಬಳಸುವಂತೆ ಮಾಡಿದೆ. ಈಗ ಫೈಲು ಹುಟ್ಟುವಾಗಲೇ ಸರಿಯಾದ ಗುಂಪಿನಲ್ಲಿ ಹುಟ್ಟುತ್ತದೆ; ಸರಿಸುವಾಗ ಅದೇ ಗುಂಪು ಜೊತೆಗೆ ಬರುತ್ತದೆ; ಪಿಎಚ್‌ಪಿ ಸರಿಸಿದ ಬಳಿಕ ಯೂಮಾಸ್ಕ್‌ಗೆ ತಕ್ಕಂತೆ ಅನುಮತಿಯನ್ನು ಹೊಂದಿಸುವುದರಿಂದ ಅದು 640 ಆಗಿ ನಿಲ್ಲುತ್ತದೆ. ಎರಡನೆಯ ಅರ್ಜಿಯನ್ನು ನಾನೇ ನನ್ನ ಹೆಸರಿನಲ್ಲಿ ಹಾಕಿ ನೋಡಿದೆ. ‘ಸದಸ್ಯ’ ವಿಭಾಗದವರು ಅದನ್ನು ತೆರೆದು, ಲಗತ್ತು ಮಸುಕಾಗಿದೆಯೆಂದು ತಿರಸ್ಕರಿಸಿದರು.

ವರ್ಗಾವಣೆ

ದಸರೆಯ ಬಳಿಕ ಮೊದಲ ಗುಮಾಸ್ತರಿಗೆ ಸಿದ್ದಾಪುರ ಶಾಖೆಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರಿಗೆ ಖಾತೆ ತೆರೆದು ‘ಧಾರಣೆ’ಗೆ ಸೇರಿಸಿದ್ದು ಒಂದು ಆಜ್ಞೆ, ಹೋದವರನ್ನು ‘ಜಿಪಾಸ್‌ವರ್ಡ್ -ಡಿ’ಯಿಂದ ಗುಂಪಿನಿಂದ ತೆಗೆದದ್ದು ಇನ್ನೊಂದು. ಅವರ ಖಾತೆಯನ್ನು ಅಳಿಸಲಿಲ್ಲ. ಖಾತೆ ಅಳಿಸಿದರೆ ಅವರ ಫೈಲುಗಳು ಬರಿ ಒಂದು ಸಂಖ್ಯೆಯ ಒಡೆತನದಲ್ಲಿ ಉಳಿಯುತ್ತವೆ, ಮುಂದೊಂದು ದಿನ ಆ ಸಂಖ್ಯೆ ಹೊಸಬರೊಬ್ಬರಿಗೆ ಸಿಕ್ಕರೆ ಆ ಹಳೆಯ ಫೈಲುಗಳೆಲ್ಲ ಕೇಳದೆಯೇ ಅವರದಾಗುತ್ತವೆ. ಪಾಸ್‌ವರ್ಡನ್ನು ಬೀಗ ಹಾಕಿದರೂ ಎಸ್‌ಎಸ್‌ಎಚ್ ಕೀ ಇದ್ದರೆ ಅದು ಕೆಲಸ ಮಾಡುತ್ತಲೇ ಇರುವುದರಿಂದ, ‘ಚೇಜ್ -ಇ 0’ ಕೊಟ್ಟು ಖಾತೆಯ ಅವಧಿಯನ್ನೇ ಮುಗಿಸಿದೆ.

ಹೊಸಬರು ಮೊದಲ ದಿನವೇ ಎಂದಿನ ಹೊತ್ತಿಗೆ ದರ ಹಾಕಿದರು, ನನಗೆ ಫೋನ್ ಬರಲಿಲ್ಲ. ಫೈಲಿನ ಮೇಲೆ ಬರೆದರೆ ಒಡೆತನ ಬದಲಾಗುವುದಿಲ್ಲವಾದ್ದರಿಂದ, ಇವತ್ತಿಗೂ ಆ ಫೋಲ್ಡರಿನಲ್ಲಿ ‘ಎಲ್ಎಸ್ -ಎಲ್’ ಕೊಟ್ಟರೆ ಅಂದಂದಿನ ಧಾರಣೆಯ ಫೈಲಿನ ಎದುರು ಸಿದ್ದಾಪುರಕ್ಕೆ ಹೋದವರ ಹೆಸರೇ ಒಡೆಯರೆಂದು ಕಾಣುತ್ತದೆ, ಪಕ್ಕದಲ್ಲಿ ‘ಧಾರಣೆ’ ಎಂಬ ಗುಂಪು, ಮುಂದೆ ಇಂದಿನ ದಿನಾಂಕ.